ಯಾರೂ ಮುಟ್ಟದಿದ್ದಾಗ

ಹೇಮಾವತಿಯ ದಡದಲ್ಲಿ, ಊರಿನಿಂದ ಸ್ವಲ್ಪ ಆಚೆಗೆ, ಹೆಂಗಸರದೇ ಒಂದು ಆಶ್ರಮವಿತ್ತು. ಗುರುವಿನ ಹೆಸರು ವಿರಜಮ್ಮ. ಎಲ್ಲರಿಗೂ ಅವರು ಅಮ್ಮ.

ಅಮ್ಮನಿಗೆ ವಯಸ್ಸಾಗಿತ್ತು. ಕಣ್ಣು ಹೆಚ್ಚುಕಡಿಮೆ ಹೋಗೇಬಿಟ್ಟಿತ್ತು. ಬೆಳಕು ಯಾವ ಕಡೆ ಇದೆ ಎಂದು ಮಾತ್ರ ತಿಳಿಯುತ್ತಿತ್ತು.

ವರ್ಷಗಟ್ಟಲೆ ಜನ ಬಂದು ಏನೇನೋ ಕೇಳಿದ್ದರು, ಅಮ್ಮ ಉತ್ತರ ಕೊಟ್ಟಿದ್ದರು. ಅವನ್ನೆಲ್ಲ ಈಗ ಮತ್ತೆ ನೆನೆದು, ಕಣ್ಣು ಮುಚ್ಚಿ, ನಿಧಾನವಾಗಿ ಹೇಳುತ್ತಿದ್ದರು. ಪಕ್ಕದಲ್ಲಿ ಕೂತು ಟೈಪು ಮಾಡುತ್ತಿದ್ದವಳು ಕಾತ್ಯಾಯಿನಿ.

ಕಾತ್ಯಾಯಿನಿ ಆಶ್ರಮದ ಹಳೆಯ ಶಿಷ್ಯೆ. ಬರುವ ಮುಂಚೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ಕಂಪ್ಯೂಟರು ಹಳೆಯದು, ಯಾರೋ ಭಕ್ತರು ಮನೆಯಲ್ಲಿ ಬಳಸಿ ಬಿಟ್ಟದ್ದು. ಅದರ ಯೋಗಕ್ಷೇಮವೂ ಅವಳದೇ. ದಿನಾ ಒರೆಸುವಳು. ಸ್ಕ್ರೂ ಬಿಚ್ಚಿ ದೂಳು ತೆಗೆಯುವುದನ್ನೂ ಕಲಿತಿದ್ದಳು.

ಅಮ್ಮನ ದನಿ, ಕೀಲಿಗಳ ಸದ್ದು, ಕಿಟಕಿಯಾಚೆ ಹೊಳೆ. ಇಷ್ಟಿದ್ದರೆ ಅವಳಿಗೆ ಬೇರೇನೂ ಬೇಕಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ನೇತ್ರಾವತಿ ಬಂದಳು.

ಗಂಡನ ಮನೆ ಬಿಟ್ಟು ಬಂದವಳು. ಯಾಕೆ ಬಿಟ್ಟಳೆಂದು ಅಮ್ಮ ಕೇಳಲಿಲ್ಲ, ಬೇರೆಯವರೂ ಕೇಳಲಿಲ್ಲ. ಮೊದಮೊದಲು ಮೂಲೆಯಲ್ಲಿ ಕೂರುತ್ತಿದ್ದಳು. ಆಮೇಲೆ ಒಂದು ದಿನ ಅಮ್ಮನ ಮಾತಿಗೆ ನಕ್ಕಳು. ಅಮ್ಮನೂ ನಕ್ಕರು.

ಆ ನಗು ಕಾತ್ಯಾಯಿನಿಗೆ ಅಡುಗೆಮನೆಯವರೆಗೂ ಕೇಳಿಸಿತು.

ಇಷ್ಟು ವರ್ಷದಲ್ಲಿ ತನ್ನ ಮಾತಿಗೆ ಅಮ್ಮ ಹಾಗೆ ನಕ್ಕದ್ದು ಯಾವಾಗ? ನೆನೆದು ನೋಡಿದಳು. ನೆನಪಾಗಲಿಲ್ಲ.

ಕೆಲವು ದಿನ ಕಳೆದು ಅಮ್ಮ ಅಂದರು, "ಕಾತ್ಯಾ, ನಿನಗೆ ಭುಜ ನೋವು ಅಂತೀಯಲ್ಲ. ಬೆಳಗ್ಗೆ ನೀನು ಟೈಪು ಮಾಡು, ಮಧ್ಯಾಹ್ನ ನೇತ್ರಾ ಮಾಡಲಿ."

"ನೋವು ಅಷ್ಟೇನಿಲ್ಲಮ್ಮ."

"ನಿದ್ದೆಯಲ್ಲಿ ನರಳ್ತೀಯ, ಕೇಳಿಸುತ್ತೆ. ಸ್ವಲ್ಪ ಸುಧಾರಿಸ್ಕೋ."

ಕಾತ್ಯಾಯಿನಿ ಸುಧಾರಿಸಿಕೊಳ್ಳಲಿಲ್ಲ. ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕೂತು, ಒಳಗಿನ ಮಾತಿಗೆ ಕಿವಿ ಕೊಡುತ್ತಿದ್ದಳು. ಭುಜದ ನೋವು ನಿಂತಿತ್ತು. ಹೊಟ್ಟೆಯೊಳಗೆ ಇನ್ನೊಂದು ಶುರುವಾಗಿತ್ತು.

ಆ ವಾರವೇ ಕಂಪ್ಯೂಟರು ಕೈಕೊಡತೊಡಗಿತು.

"ಅಕ್ಕಾ, ಸ್ವಲ್ಪ ಬನ್ನಿ" ಎಂದು ನೇತ್ರಾ ಓಡಿಬಂದಳು. "ಟೈಪು ಮಾಡ್ತಾ ಇದ್ದೆ, ಆಫ್ ಆಗ್ಬಿಡ್ತು. ನಾನೇನೂ ಮಾಡ್ಲಿಲ್ಲ."

ಕರೆಂಟು ಹೋಗಿರಲಿಲ್ಲ. ಸೂರಿನ ಫ್ಯಾನು ಗಡಗಡ ಎಂದು ತಿರುಗುತ್ತಲೇ ಇತ್ತು. ಪರದೆ ಮಾತ್ರ ಕಪ್ಪಾಗಿತ್ತು. ಸೇವ್ ಮಾಡದೆ ಇದ್ದದ್ದೆಲ್ಲ ಹೋಗಿತ್ತು.

ಮಾರನೆಯ ಮಧ್ಯಾಹ್ನವೂ ಹಾಗೇ ಆಯಿತು. ಅದರ ಮಾರನೆಯ ದಿನವೂ.

ಕಾತ್ಯಾಯಿನಿ ಪ್ಲಗ್ಗು ಕಿತ್ತು ನೋಡಿದಳು. ಸಡಿಲವಿರಲಿಲ್ಲ. ವೈರು ಬದಲಿಸಿದಳು. ಪೆಟ್ಟಿಗೆ ಬಿಚ್ಚಿ ದೂಳು ಹೊಡೆದಳು. ರ‍್ಯಾಮ್ ಕಡ್ಡಿಯನ್ನು ತೆಗೆದು, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದಳು.

ಬೆಳಗ್ಗೆ ಅವಳ ಪಾಳಿಯಲ್ಲಿ ಅದು ಸುಸೂತ್ರವಾಗಿ ನಡೆಯಿತು. ಮಧ್ಯಾಹ್ನ ನೇತ್ರಾ ಕೂತಳು, ಆಫ್ ಆಯಿತು.

ಕಾತ್ಯಾಯಿನಿಗೆ ಒಳಗೊಳಗೇ ಒಂದು ಹಗುರ. ಅಷ್ಟು ದಿನ ಹುಡುಕುತ್ತಿದ್ದದ್ದು ಸಿಕ್ಕಿದ ಹಾಗೆ.

ಅಮ್ಮನ ಬಳಿ ಹೋಗಿ ಕೂತಳು. "ಅಮ್ಮ, ಹೇಳಬಾರದು. ಆದರೂ ಹೇಳ್ತೀನಿ. ಅದು ನೇತ್ರಾ ಕೈಯಲ್ಲೇ ನಿಲ್ಲುತ್ತೆ, ನನ್ನ ಕೈಯಲ್ಲಿ ನಿಲ್ಲಲ್ಲ."

"ಅವಳು ಏನು ಮಾಡ್ತಾಳೆ?"

"ಗೊತ್ತಿಲ್ಲಮ್ಮ. ಏನೋ ಒತ್ತಬಾರದ್ದು ಒತ್ತುತ್ತಾಳೋ ಏನೋ. ಅವಳು ಬಂದಮೇಲೇ ಶುರುವಾಗಿದ್ದು."

ಅಮ್ಮ ಅವಳ ದನಿ ಬಂದ ಕಡೆ ಮುಖ ತಿರುಗಿಸಿದರು.

"ನಾಳೆ ಮಧ್ಯಾಹ್ನ ನೀನೇ ಕೂತ್ಕೋ. ನೋಡೋಣ."

ಮಾರನೆಯ ದಿನ ಬಿಸಿಲು ಹೆಂಚು ಕಾಯಿಸುತ್ತಿತ್ತು. ಕಾತ್ಯಾಯಿನಿ ಕೂತಳು. ಅಮ್ಮ ಹೇಳತೊಡಗಿದರು. ಗಂಡ ಸತ್ತ ಮೇಲೆ ಅಳುವೇ ಬಾರದೆ ಹೋದ ಒಬ್ಬಾಕೆ ಕೇಳಿದ ಪ್ರಶ್ನೆ. ಅದಕ್ಕೆ ಅಮ್ಮ ಕೊಟ್ಟ ಉತ್ತರ.

ಅರ್ಧದಲ್ಲಿ ಪರದೆ ಕಪ್ಪಾಯಿತು.

ಕಾತ್ಯಾಯಿನಿಯ ಬೆರಳು ನಿಂತವು. ಅಮ್ಮನೂ ಒಂದು ಕ್ಷಣ ಮಾತು ನಿಲ್ಲಿಸಿದರು.

ಅವಳಿಗೆ ಏನಾಯಿತೋ. ಸತ್ತ ಪರದೆಯ ಮುಂದೆ ಮತ್ತೆ ಕೀಲಿಗಳನ್ನು ಒತ್ತತೊಡಗಿದಳು. ಟಕಟಕ, ಟಕಟಕ.

ಅಮ್ಮ ಮುಂದುವರಿಸಿದರು.

ಅವರು ಹೇಳುತ್ತಲೇ ಹೋದರು. ಅವಳು ಒತ್ತುತ್ತಲೇ ಹೋದಳು. ಒಂದಕ್ಷರವೂ ಎಲ್ಲೂ ಮೂಡಲಿಲ್ಲ.

ಹೊತ್ತು ಇಳಿದ ಮೇಲೆ ಅಮ್ಮ ಕೇಳಿದರು, "ಇವತ್ತು ನಿಂತಿತಾ?"

ನೇತ್ರಾ ಬಾಗಿಲ ಬಳಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು.

"ಇಲ್ಲಮ್ಮ" ಅಂದಳು ಕಾತ್ಯಾಯಿನಿ.

ನೇತ್ರಾ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. "ನನ್ನ ಕೈಯೇ ಹಾಗೆ ಅಮ್ಮ" ಅಂದಳು. "ಇನ್ನು ಅಕ್ಕನೇ ಮಾಡಲಿ. ನಾನು ಮುಟ್ಟಲ್ಲ."

ಅಮ್ಮ ಕರೆದರು. ಅವಳಾಗಲೇ ಹೋಗಿದ್ದಳು.

ಹೀಗೆ ಬೆಳಗ್ಗೆಯೂ ಮಧ್ಯಾಹ್ನವೂ ಕಾತ್ಯಾಯಿನಿಯದೇ ಆಯಿತು. ಕೇಳಿದ್ದು ಸಿಕ್ಕಿತು. ನಗು ನಿಂತಿತು.

ಮಧ್ಯಾಹ್ನದ ಕಾಟ ಮಾತ್ರ ನಿಲ್ಲಲಿಲ್ಲ. ಪರದೆ ಕಪ್ಪಾಗುತ್ತಿತ್ತು. ತಕ್ಷಣ ಮತ್ತೆ ಹಾಕಿದರೆ ಇನ್ನೂ ಬೇಗ ನಿಲ್ಲುತ್ತಿತ್ತು. ಅಮ್ಮ ಹೇಳುತ್ತಿದ್ದರು, ಅವಳು ಸುಮ್ಮನೆ ಟಕಟಕ ಅನ್ನಿಸುತ್ತಿದ್ದಳು. ಸಂಜೆ ತಂಪಾದ ಮೇಲೆ ಒಬ್ಬಳೇ ಕೂತು, ನೆನಪಿದ್ದಷ್ಟನ್ನು ತುಂಬಿಸುತ್ತಿದ್ದಳು.

ನೆನಪಿಲ್ಲದ ಕಡೆ ತನಗೆ ತೋಚಿದ್ದನ್ನು ಬರೆಯುತ್ತಿದ್ದಳು. ಮೊದಲು ಒಂದು ಪದ. ಆಮೇಲೆ ಒಂದು ಸಾಲು. ಅಮ್ಮನ ಮಾತಿನ ಧಾಟಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರಿಗೂ ತಿಳಿಯುವಂತಿರಲಿಲ್ಲ.

ನೇತ್ರಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಎದುರಾದರೆ ತಲೆ ತಗ್ಗಿಸಿ ದಾರಿ ಬಿಡುತ್ತಿದ್ದಳು. ಕಾತ್ಯಾಯಿನಿಗೆ ಅದನ್ನು ಕಂಡು ಸಮಾಧಾನವಾಗಬೇಕಿತ್ತು. ಅದರ ಬದಲು ಸಿಟ್ಟು ಬರುತ್ತಿತ್ತು. ಅಮ್ಮ ಊಟದ ಹೊತ್ತಿಗೆ "ನೇತ್ರಾ ಉಂಡಳಾ?" ಎಂದು ಕೇಳಿದರೂ ಸಾಕು, ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದಳು.

ಒಂದು ಸಂಜೆ ಅಮ್ಮ ಅಂದರು, "ಬರೆದದ್ದನ್ನು ಸ್ವಲ್ಪ ಓದು. ಕೇಳಬೇಕು ಅನ್ನಿಸಿದೆ."

ಕಾತ್ಯಾಯಿನಿ ಓದಿದಳು. ಅಮ್ಮ ತಲೆಯಾಡಿಸುತ್ತಾ ಕೇಳಿದರು.

ಒಬ್ಬ ಯುವಕ ಬಂದು, ಗುರುವಿಗೆ ಹತ್ತಿರವಾಗುವುದು ಹೇಗೆ ಎಂದು ಕೇಳಿದ ಭಾಗ ಬಂತು. ಅವಳು ಅದನ್ನೂ ಓದಿಬಿಟ್ಟಳು.

"'ಹೊಸದಾಗಿ ಬಂದವರು ಗುರುವನ್ನು ನಗಿಸಬಹುದು. ಗುರುವನ್ನು ಅರಿತವರು ಹಳಬರು ಮಾತ್ರ.'"

ಅಮ್ಮ ತಲೆಯಾಡಿಸುವುದನ್ನು ನಿಲ್ಲಿಸಿದರು.

"ಇನ್ನೊಂದು ಸಲ ಓದು."

ಅವಳು ಓದಿದಳು. ಎರಡನೆಯ ಸಲ ಅವಳ ದನಿ ಇಳಿದುಹೋಯಿತು.

"ಆ ಹುಡುಗನಿಗೆ ನಾನು ಏನು ಹೇಳಿದ್ದೆ ಅನ್ನೋದು ನನಗೂ ಈಗ ನೆನಪಿಗೆ ಬರ್ತಿಲ್ಲ" ಅಂದರು ಅಮ್ಮ. "ಇದನ್ನು ಹೇಳಿಲ್ಲ ಅನ್ನೋದು ನೆನಪಿದೆ."

ಕಾತ್ಯಾಯಿನಿಯ ಬಾಯಿಂದ ಎಲ್ಲವೂ ಒಟ್ಟಿಗೇ ಹೊರಗೆ ಬಂತು. ಕಪ್ಪಾದ ಪರದೆ, ಸುಳ್ಳು ಟಕಟಕ, ತುಂಬಿಸಿದ ಸಾಲುಗಳು, ಬಾಗಿಲಲ್ಲಿ ನಿಂತಿದ್ದ ನೇತ್ರಾ.

ಹೇಳಿ ಮುಗಿಸಿ ಕೇಳಿದಳು, "ನಿಮಗೆ ಗೊತ್ತಾಗಿತ್ತಾ ಅಮ್ಮ?"

"ಇಲ್ಲ. ಟೈಪಿನ ಸದ್ದು ಕೇಳ್ತಿತ್ತು. ನೀನು ಕೂತಿದೀಯಲ್ಲ ಅಂತ ನಂಬಿಕೊಂಡಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಯಾವ ಸಾಲು ನಿಮ್ಮದು, ಯಾವುದು ನನ್ನದು ಅಂತ ಈಗ ನನಗೇ ತಿಳೀತಿಲ್ಲಮ್ಮ."

"ಹಾಗಾದರೆ ಮಧ್ಯಾಹ್ನದ್ದು ಎಲ್ಲಾ ಅಳಿಸು."

"ಎಲ್ಲವನ್ನೂ? ನಿಮ್ಮದೂ ಹೋಗುತ್ತೆ."

"ಹೋಗಲಿ. ಉಸಿರಿದ್ದರೆ ಮತ್ತೆ ಹೇಳ್ತೀನಿ."

ಅವಳು ಅಳುತ್ತಾ ಅಳಿಸಿದಳು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಮ್ಮ ದಣಿದು ಹೇಳಿದ್ದು ಒಂದೊಂದೇ ಪುಟವಾಗಿ ಹೋಯಿತು. ಗಂಡ ಸತ್ತವಳಿಗೆ ಕೊಟ್ಟ ಉತ್ತರವೂ ಹೋಯಿತು.

ಮುಗಿದ ಮೇಲೆ ಅಮ್ಮ ಕೇಳಿದರು, "ಆ ಕಂಪ್ಯೂಟರಿಗೆ ಏನಾಗಿದೆ?"

"ಗೊತ್ತಿಲ್ಲಮ್ಮ."

"ನನಗಂತೂ ಅದರ ವಿಷಯ ತಿಳಿಯದು. ನೀನು ಏನೇನು ನೋಡಿದೆ, ಹೇಳು."

"ಪ್ಲಗ್ಗು ನೋಡಿದೆ. ವೈರು ಬದಲಿಸಿದೆ. ದೂಳು ತೆಗೆದೆ. ರ‍್ಯಾಮ್ ಉಜ್ಜಿ ಹಾಕಿದೆ."

"ಆಮೇಲೆ?"

"ಆಮೇಲೆ ನೇತ್ರಾನೇ ಕಾರಣ ಅಂತ ಗೊತ್ತಾಯಿತು."

"ಆಮೇಲೆ?"

ಕಾತ್ಯಾಯಿನಿ ಕಂಪ್ಯೂಟರಿನ ಕಡೆ ನೋಡಿದಳು.

"ಆಮೇಲೆ ನೋಡಲೇ ಇಲ್ಲಮ್ಮ."

"ಅಲ್ಲಿಂದ ಶುರು ಮಾಡು. ಒಬ್ಬಳೇ ಬೇಡ."

"ಯಾರ ಜೊತೆ?"

ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದರು.

ಬೆಳಗ್ಗೆ ನೇತ್ರಾ ಹೊಳೆಯ ಮೆಟ್ಟಿಲ ಮೇಲೆ ಅನ್ನದ ತಪ್ಪಲೆ ಉಜ್ಜುತ್ತಿದ್ದಳು. ಬಟ್ಟೆಯ ಚೀಲ ಪಕ್ಕದಲ್ಲೇ ಇತ್ತು.

"ಎಲ್ಲಿಗೆ ಹೊರಟೆ?" ಕಾತ್ಯಾಯಿನಿ ಕೇಳಿದಳು.

"ಬಸ್ಸಿಗೆ ಅಕ್ಕ. ಇದೊಂದು ತೊಳೆದು ಹೋಗ್ತೀನಿ. ನಾನಿದ್ದರೆ ಇಲ್ಲೂ ಏನಾದರೂ ಕೆಡುತ್ತೆ."

ಕಾತ್ಯಾಯಿನಿ ನಿಂತೇ ಹೇಳಿದಳು. ಕೂತರೆ ಹೇಳಲಾಗದು ಅನ್ನಿಸಿತು. "ಆವತ್ತು ನನ್ನ ಕೈಯಲ್ಲೂ ನಿಂತಿತು. ನಿಲ್ಲಲಿಲ್ಲ ಅಂತ ಸುಳ್ಳು ಹೇಳಿದೆ."

ತಪ್ಪಲೆ ನೇತ್ರಾಳ ಕೈಯಿಂದ ಜಾರಿ ಮೆಟ್ಟಿಲ ಮೇಲೆ ಬಡಿಯಿತು.

"ಯಾಕೆ?"

"ಅಮ್ಮ ನಿನ್ನ ಜೊತೆ ನಗ್ತಿದ್ದರು."

ನೇತ್ರಾ ಅವಳನ್ನೇ ನೋಡಿದಳು. ಮುಖ ಕೆಂಪಾಯಿತು.

"ಅತ್ತೆ ಮನೆಯಲ್ಲಿ ಹಾಲು ಒಡೆದರೂ ನನ್ನ ಕೈ ಅಂತಿದ್ದರು" ಅಂದಳು. "ಹಸು ಸತ್ತರೂ ನನ್ನ ಕೈ. ಮಗು ನಿಲ್ಲದೆ ಹೋಯಿತಲ್ಲ, ಅದಕ್ಕೂ ನನ್ನ ಕೈಯೇ. ಅದನ್ನೆಲ್ಲ ಬಿಟ್ಟು ಇಲ್ಲಿಗೆ ಬಂದೆ. ಇಲ್ಲಿ ನೀವೂ ನಿಮ್ಮ ಕೈಯಲ್ಲಿ ನಿಲ್ಲಲಿಲ್ಲ ಅಂದಿರಿ. ನಿಮ್ಮಂಥ ಓದಿದವರೇ ಹೇಳಿದ ಮೇಲೆ ನಿಜ ಇರಬೇಕು ಅಂದುಕೊಂಡೆ. ಆವತ್ತಿನಿಂದ ನಾನು ದೇವರ ಮುಂದೆ ದೀಪ ಹಚ್ಚಿಲ್ಲ ಅಕ್ಕ. ಆರಿಹೋದರೆ ಅಂತ ಭಯ."

ಕಾತ್ಯಾಯಿನಿ ಅಲ್ಲೇ ಕೂತಳು.

"ಬೈಯಿ" ಅಂದಳು.

"ಬೈದರೆ ನಿಮಗೆ ಹಗುರ ಆಗುತ್ತೆ. ನನಗೇನು?"

ನೇತ್ರಾ ತಪ್ಪಲೆ ಎತ್ತಿ ನೀರಿನಲ್ಲಿ ಅದ್ದಿದಳು.

"ಕ್ಷಮಿಸು ಅಂತ ಕೇಳಲ್ಲ" ಅಂದಳು ಕಾತ್ಯಾಯಿನಿ. "ಬಸ್ಸು ಮಧ್ಯಾಹ್ನವೂ ಇದೆ. ಒಂದು ಸಲ ಬಂದು ನೋಡು. ಅದು ಯಾಕೆ ನಿಲ್ಲುತ್ತೆ ಅಂತ ನಿನ್ನ ಕಣ್ಣೆದುರೇ ಹುಡುಕ್ತೀನಿ. ಆಮೇಲೆ ಹೋಗೋದಾದರೆ ಹೋಗು."

ನೇತ್ರಾ ಬಂದಳು. ಗೋಡೆಗೆ ಒರಗಿ ದೂರ ನಿಂತಳು. ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಕಾತ್ಯಾಯಿನಿ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು. ಹಿಂದೆ ಎಷ್ಟೋ ಸಲ ಬಿಚ್ಚಿದ್ದಳು. ಆಗೆಲ್ಲ ಸ್ವಿಚ್ಚು ಆರಿಸಿಯೇ ನೋಡಿದ್ದಳು. ನಡೆಯುತ್ತಿರುವಾಗ ಒಳಗೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

ಈ ಸಲ ತಗಡನ್ನು ತೆರೆದಿಟ್ಟೇ ಸ್ವಿಚ್ಚು ಹಾಕಿದಳು.

ಒಳಗೆ ಹಸಿರು ದೀಪ ಹೊತ್ತಿತು. ಹಿಂಬದಿಯ ಫ್ಯಾನು ಸುಯ್ಯೆಂದು ತಿರುಗಿತು. ಪರದೆಯ ಮೇಲೆ ಚಿತ್ರ ಬಂತು. ಎಲ್ಲವೂ ಸರಿಯಾಗಿಯೇ ಇತ್ತು.

"ಅಕ್ಕ" ಅಂದಳು ನೇತ್ರಾ, ನಿಂತಲ್ಲಿಂದಲೇ. "ಮಧ್ಯದಲ್ಲಿ ಇನ್ನೊಂದು ಸಣ್ಣ ಫ್ಯಾನ್ ಇದೆಯಲ್ಲ. ಅದು ತಿರುಗ್ತಿಲ್ಲ."

ಕಾತ್ಯಾಯಿನಿ ಬಗ್ಗಿ ನೋಡಿದಳು. ಪ್ರೊಸೆಸರಿನ ಮೇಲೆ ಕೂತಿದ್ದ ಪುಟ್ಟ ಫ್ಯಾನು ಅಲುಗದೆ ನಿಂತಿತ್ತು. ಊದುಬತ್ತಿಯ ಕಡ್ಡಿಯಿಂದ ಅದರ ರೆಕ್ಕೆಯನ್ನು ಮೆಲ್ಲಗೆ ತಳ್ಳಿದಳು. ಕಷ್ಟಪಟ್ಟು ಅರ್ಧ ಸುತ್ತು ತಿರುಗಿ ಮತ್ತೆ ನಿಂತಿತು.

"ಯಂತ್ರದ ಬಿಸಿಯನ್ನು ಹೊರಗೆ ಕಳಿಸೋದು ಇದೇ" ಅಂದಳು. "ಬೆಳಗಿನ ತಂಪಿನಲ್ಲಿ ಇದಿಲ್ಲದೆಯೂ ಹೇಗೋ ನಡೀತಿತ್ತು. ಬಿಸಿಲೇರಿದ ಮೇಲೆ ತಡೆಯೋಕಾಗ್ತಿರಲಿಲ್ಲ. ಸುಟ್ಟುಹೋಗಬಾರದು ಅಂತ ತಾನೇ ಆಫ್ ಆಗ್ತಿತ್ತು."

"ನಾನು ಬಂದ ಮೇಲೆ ಯಾಕೆ ಶುರುವಾಯಿತು?"

"ನೀನು ಬಂದದ್ದು ಶಿವರಾತ್ರಿ ಕಳೆದು. ಬೇಸಿಗೆ ಬಂದದ್ದೂ ಆಗಲೇ."

ನೇತ್ರಾ ಒಪ್ಪಲಿಲ್ಲ. "ಹಾಗಾದರೆ ಹಾಗೇ ಬಿಡಿ. ಯಾರೂ ಮುಟ್ಟೋದು ಬೇಡ. ಮಧ್ಯಾಹ್ನದವರೆಗೆ ನೋಡೋಣ."

ಇಬ್ಬರೂ ನೆಲದ ಮೇಲೆ ಕೂತರು. ಬಿಸಿಲು ಕಿಟಕಿಯಿಂದ ಇಳಿದು ಚಾಪೆಯವರೆಗೆ ಬಂತು. ಊಟದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.

ಕಪ್ಪಾಯಿತು ಪರದೆ.

ನೇತ್ರಾ ಅದನ್ನೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಕೈ ಹೊರಗೆ ತೆಗೆದು, ಬಿಡಿಸಿ, ಅಂಗೈ ನೋಡಿಕೊಂಡಳು.

"ಇನ್ನೊಂದು ಸಲ ಹಾಕಿ ಅಕ್ಕ."

ಕಾತ್ಯಾಯಿನಿ ಸ್ವಿಚ್ಚು ಹಾಕಿ ದೂರ ಸರಿದು ಕೂತಳು. ಈ ಸಲ ಬೇಗನೇ ನಿಂತಿತು.

"ಇನ್ನೊಂದು ಸಲ."

ಮತ್ತೆ ನಿಂತಿತು. ನೇತ್ರಾ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಕಾತ್ಯಾಯಿನಿ ಅವಳನ್ನು ಸಮಾಧಾನ ಮಾಡಲು ಕೈ ಚಾಚಿದಳು. ಆ ಹಕ್ಕು ತನಗಿಲ್ಲ ಅನ್ನಿಸಿ ಹಿಂದಕ್ಕೆ ತೆಗೆದುಕೊಂಡಳು.

ಆವತ್ತು ಬಸ್ಸು ಬಂದು ಹೋಯಿತು. ಚೀಲ ಒಳಗೆ ಬಂತು.

ಪೇಟೆಯಿಂದ ಹೊಸ ಫ್ಯಾನು ತರಿಸಿದರು. ಕಾತ್ಯಾಯಿನಿ ಹಿಡಿದುಕೊಂಡಳು, ನೇತ್ರಾ ಸ್ಕ್ರೂ ತಿರುಗಿಸಿದಳು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಹಾಗೆಲ್ಲ ಬೇಗ ಮಾತು ಹುಟ್ಟುವುದಿಲ್ಲ.

ಕಂಪ್ಯೂಟರು ಮತ್ತೆ ನಿಲ್ಲಲಿಲ್ಲ. ಬೆಳಗ್ಗೆ ಕಾತ್ಯಾಯಿನಿ, ಮಧ್ಯಾಹ್ನ ನೇತ್ರಾ. ಅಳಿಸಿ ಹೋದದ್ದನ್ನು ಅಮ್ಮ ಮೊದಲಿಂದ ಹೇಳತೊಡಗಿದರು. ಕೆಲವು ಉತ್ತರ ಹಿಂದಿನದಕ್ಕಿಂತ ಚಿಕ್ಕವಾದವು. ಕೆಲವು ಮತ್ತೆ ನೆನಪಾಗಲೇ ಇಲ್ಲ.

ಕಾತ್ಯಾಯಿನಿ ತಾನು ಬದಲಾದೆ ಎಂದುಕೊಂಡಿದ್ದಳು.

ಮುಂಗಾರಿನ ಮೊದಲ ಮಳೆ ಬಂದ ಮಧ್ಯಾಹ್ನ, ಅಮ್ಮನ ಕೋಣೆಯಿಂದ ನಗು ಕೇಳಿಸಿತು. ಇಬ್ಬರದೂ. ಅವಳ ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು, ಒಂದು ಚೂರೂ ಕಡಿಮೆಯಿಲ್ಲದೆ.

ಮಾರನೆಯ ಬೆಳಗ್ಗೆ ಅಮ್ಮ ಹೊಳೆದಂಡೆಯ ಬಂಡೆಯ ಮೇಲೆ ಕೂತಿದ್ದರು. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ಅಮ್ಮ, ತಪ್ಪು ಒಪ್ಪಿಕೊಂಡೆ. ಅವಳ ಕಾಲು ಹಿಡಿಯೋದೊಂದು ಬಾಕಿ. ಆದರೂ ಹೊಟ್ಟೆಕಿಚ್ಚು ಹೋಗಿಲ್ಲ."

"ಹ್ಞೂಂ."

"ನಾಚಿಕೆ ಆಗುತ್ತೆ."

"ಹ್ಞೂಂ."

ಹೊಳೆ ಕೆಂಪಾಗಿ ಹರಿಯುತ್ತಿತ್ತು. ಅವಳು ಅದನ್ನು ನೋಡುತ್ತಾ, ಇಷ್ಟು ದಿನ ನುಂಗಿಕೊಂಡಿದ್ದನ್ನು ಕೊನೆಗೂ ಕೇಳಿಬಿಟ್ಟಳು.

"ನಿಜ ಹೇಳಿ ಅಮ್ಮ. ನಮ್ಮಿಬ್ಬರಲ್ಲಿ ನಿಮಗೆ ಯಾರ ಮೇಲೆ ಪ್ರೀತಿ ಹೆಚ್ಚು?"

ಅಮ್ಮ ಅವಳ ತಲೆಯ ಮೇಲೆ ಕೈ ಇಟ್ಟರು.

"ನಿನ್ನೆ ಸಂಜೆ ನೇತ್ರಾ ಇಲ್ಲೇ ಕೂತು ಇದನ್ನೇ ಕೇಳಿದಳು. ಹೋಗು, ಅವಳಿಗೊಂದು ಉತ್ತರ ಕೊಟ್ಟು ಬಾ."